ಏರೋಜೆಲ್ ರಕ್ತಕ್ಕೆ ಒಗ್ಗುತ್ತದೆ ಎಂದು ಬರೆಯುವ ಮೊದಲು

ಪ್ರಶ್ನೆ: ನಾನು ಮೆಟೀರಿಯಲ್ ಸೈನ್ಸ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಪಾಲಿಯೂರಿಯಾ ಎಂಬ ಪ್ಲಾಸ್ಟಿಕ್ ಹೊದಿಸಿದ ಸಿಲಿಕಾ ಏರೋಜೆಲ್ (ಗಾಳಿ ತುಂಬಿದ ಸೂಕ್ಷ್ಮ ರಂಧ್ರಗಳ ಒಣ ಜೆಲ್) ತಯಾರಿಸಿದ್ದೇನೆ. ತೀರಾ ಹಗುರ, ಆದರೂ ಗಟ್ಟಿ. ಕೃತಕ ಹೃದಯ ಕವಾಟದ ಎಸಳುಗಳಿಗೆ ಬಳಸಬಹುದು ಎಂಬ ಯೋಚನೆ ಇದೆ. ಒಣ ಬಿಲ್ಲೆಗಳನ್ನೇ ರಕ್ತದಲ್ಲಿ ಹಾಕಿ ನೋಡಿದಾಗ ಹಿಮೋಲಿಸಿಸ್ (ಕೆಂಪು ರಕ್ತಕಣ ಒಡೆಯುವ ಪ್ರಮಾಣ) 0.6% ಬಂತು. ಜೀವಕೋಶಗಳ ಪರೀಕ್ಷೆಯಲ್ಲಿ 92% ಬದುಕಿದ್ದವು. ಇದು ರಕ್ತಕ್ಕೆ ಒಗ್ಗುವ ವಸ್ತು ಎಂದು ಪ್ರಬಂಧದಲ್ಲಿ ಬರೆಯಬಹುದೇ? ಇನ್ನೂ ಯಾವ ಪರೀಕ್ಷೆಗಳು ಬೇಕು?

ಉತ್ತರ: ಈಗಲೇ ಹಾಗೆ ಬರೆಯಬೇಡಿ. ನಿಮ್ಮ ವಸ್ತು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ, ಒಳ್ಳೆಯದೇ ಇರಬಹುದು. ಪಾಲಿಯೂರಿಯಾ ಹೊದಿಸಿದ ಸಿಲಿಕಾ ಏರೋಜೆಲ್ ಅನ್ನು 2010ರ ಸುಮಾರಿಗೇ ಅಮೆರಿಕದ ಸಂಶೋಧಕರು ಮನುಷ್ಯರ ಪ್ಲೇಟ್‌ಲೆಟ್ ಮತ್ತು ರಕ್ತನಾಳದ ಒಳಪದರದ ಜೀವಕೋಶಗಳ ಜೊತೆ ಇಟ್ಟು ನೋಡಿ, ಆಶಾದಾಯಕ ಫಲಿತಾಂಶ ವರದಿ ಮಾಡಿದ್ದಾರೆ. ನನಗೆ ಅನುಮಾನ ಇರುವುದು ವಸ್ತುವಿನ ಮೇಲಲ್ಲ, ಆ 0.6% ಮೇಲೆ. ಏರೋಜೆಲ್ ಅಂದರೆ ಸ್ಪಂಜು. ರಕ್ತಕ್ಕೆ ಏನಾದರೂ ಹಾನಿಯಾದರೆ ಅದರ ಸಾಕ್ಷಿಯನ್ನೂ ಹೀರಿಕೊಂಡು ಸುಮ್ಮನೆ ಕೂರುವ ಸ್ಪಂಜು.

ಇದನ್ನು ನಾನು ಪುಸ್ತಕ ಓದಿ ಕಲಿತಿದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಿಲಿಕಾ ಏರೋಜೆಲ್ ಬಿಲ್ಲೆಗೆ ಹಿಮೋಲಿಸಿಸ್ ಪರೀಕ್ಷೆ ಮಾಡಿದ್ದೆ. ಫಲಿತಾಂಶ ಹೆಚ್ಚುಕಡಿಮೆ ಸೊನ್ನೆ. ಖುಷಿಯಾಗಿ ಟ್ಯೂಬ್ ತೊಳೆಯಲು ಹೋದಾಗ ಬಿಲ್ಲೆ ಕೈಗೆ ಬಂತು. ಹಾಕುವಾಗ ಹಾಲಿನ ಬಿಳುಪು ಇದ್ದದ್ದು ಈಗ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಉಪ್ಪುನೀರಿನಲ್ಲಿ ಮೂರು ಸಲ ತೊಳೆದೆ, ಬಣ್ಣ ಬಿಡಲಿಲ್ಲ. ಬ್ಲೇಡಿನಿಂದ ಅಡ್ಡಕ್ಕೆ ಕೊಯ್ದು ನೋಡಿದರೆ ನಡುವೆ ಬಿಳಿ, ಸುತ್ತ ಒಂದು ಮಿಲಿಮೀಟರ್ ದಪ್ಪದ ಕೆಂಪು ಉಂಗುರ. ಒಡೆದ ಕೆಂಪು ರಕ್ತಕಣಗಳಿಂದ ಹೊರಬಂದ ಹಿಮೋಗ್ಲೋಬಿನ್ ಅಲ್ಲಿ ಅಡಗಿತ್ತು. ನಾನು ಅಳೆದದ್ದು ಮೇಲಿನ ತಿಳಿಯನ್ನು ಮಾತ್ರ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಹಿಮೋಲಿಸಿಸ್ ಅಳೆಯುವ ಎಎಸ್‌ಟಿಎಂ ಎಫ್756 ಎಂಬ ಪ್ರಮಾಣಿತ ಪದ್ಧತಿಯಲ್ಲಿ ರಕ್ತವನ್ನು ಮಿಲಿಲೀಟರ್‌ಗೆ 10 ಮಿಲಿಗ್ರಾಂ ಹಿಮೋಗ್ಲೋಬಿನ್ ಇರುವಷ್ಟು ತೆಳು ಮಾಡುತ್ತೇವೆ. ಅದರಲ್ಲಿ 1 ಮಿಲಿಲೀಟರ್ ತೆಗೆದು 7 ಮಿಲಿಲೀಟರ್ ಬಫರ್‌ಗೆ (ಆಮ್ಲತೆ ಬದಲಾಗದಂತೆ ಕಾಯುವ ಉಪ್ಪುನೀರು) ಹಾಕುತ್ತೇವೆ. ಅಂದರೆ ಇಡೀ ಟ್ಯೂಬ್‌ನಲ್ಲಿ ಇರುವುದೇ 10 ಮಿಲಿಗ್ರಾಂ. ಈ ಪದ್ಧತಿಯಲ್ಲಿ 2% ಒಳಗಿದ್ದರೆ ರಕ್ತಕಣ ಒಡೆಯದ ವಸ್ತು, 2ರಿಂದ 5% ಇದ್ದರೆ ಸ್ವಲ್ಪ ಒಡೆಯುವ ವಸ್ತು, 5% ದಾಟಿದರೆ ಒಡೆಯುವ ವಸ್ತು ಎಂದು ಲೆಕ್ಕ. ಪಾಸು ಫೇಲು ನಿರ್ಧರಿಸುವ ಗೆರೆ ಬರೀ 0.2 ಮಿಲಿಗ್ರಾಂನಿಂದ 0.5 ಮಿಲಿಗ್ರಾಂ ಮಧ್ಯೆ ಇದೆ. ಈಗ ನಿಮ್ಮ ಬಿಲ್ಲೆಯ ಕಡೆ ನೋಡಿ. ತೂಕ 0.1 ಗ್ರಾಂ, ಒಳಮೈ ವಿಸ್ತಾರ ಗ್ರಾಂಗೆ 200 ಚದರ ಮೀಟರ್ ಎಂದಿಟ್ಟುಕೊಳ್ಳಿ. ಒಟ್ಟು 20 ಚದರ ಮೀಟರ್ ಆಯಿತು. ಒಂದು ಚದರ ಮೀಟರ್ ಮೇಲೆ ಪ್ರೋಟೀನ್‌ನ ಒಂದೇ ಪದರ ಕೂತರೂ ಸುಮಾರು ಒಂದು ಮಿಲಿಗ್ರಾಂ ಹಿಡಿಸುತ್ತದೆ. ಹಿಮೋಗ್ಲೋಬಿನ್ ಅಣುವಿನ ಅಗಲ ಆರು ನ್ಯಾನೊಮೀಟರ್ ಆಸುಪಾಸು. ಇಪ್ಪತ್ತು ನ್ಯಾನೊಮೀಟರ್ ರಂಧ್ರದೊಳಗೆ ಅದು ಆರಾಮಾಗಿ ನುಗ್ಗುತ್ತದೆ. ಅಂದರೆ ಟ್ಯೂಬ್‌ನಲ್ಲಿರುವ ಅಷ್ಟೂ ಹಿಮೋಗ್ಲೋಬಿನ್‌ಗಿಂತ ಎರಡರಷ್ಟು ನುಂಗುವ ಜಾಗ ಆ ಒಂದು ಬಿಲ್ಲೆಯಲ್ಲಿದೆ. ಪರೀಕ್ಷೆ ನಡೆಯುವ ಮೂರು ಗಂಟೆಯಲ್ಲಿ ಪೂರ್ತಿ ಒಳಗೆ ಹೋಗುವುದಿಲ್ಲ, ನಿಜ. ಆದರೆ ಅಂಚಿನಲ್ಲಿ ಅರ್ಧ ಮಿಲಿಗ್ರಾಂ ಬಚ್ಚಿಟ್ಟುಕೊಂಡರೂ ನಿಮ್ಮ ಫಲಿತಾಂಶ ತಲೆಕೆಳಗಾಗುತ್ತದೆ.

ಪರಿಹಾರ ಕಷ್ಟದ್ದಲ್ಲ. ಅದೇ ರಕ್ತವನ್ನು ಬೇಕೆಂದೇ ಪೂರ್ತಿ ಒಡೆದು, ಕಣಗಳ ಚೂರು ತೆಗೆದು, ಹಿಮೋಗ್ಲೋಬಿನ್ ಎಷ್ಟಿದೆ ಎಂದು ಅಳೆದು ಇಟ್ಟುಕೊಳ್ಳಿ. ಆ ದ್ರವದಲ್ಲಿ ನಿಮ್ಮ ಬಿಲ್ಲೆಯನ್ನು 37 ಡಿಗ್ರಿಯಲ್ಲಿ ಮೂರು ಗಂಟೆ ಬಿಡಿ. ತೆಗೆದು ಮತ್ತೆ ಅಳೆಯಿರಿ. ಹಾಕಿದ್ದು ಹಾಗೇ ವಾಪಸ್ ಸಿಕ್ಕಿದರೆ ನಿಮ್ಮ 0.6% ಅನ್ನು ನಾನು ನಂಬುತ್ತೇನೆ. ಅರ್ಧ ಮಾತ್ರ ಸಿಕ್ಕಿದರೆ ಆ ಅಂಕಿಗೆ ಬೆಲೆ ಇಲ್ಲ. ಹಿಮೋಗ್ಲೋಬಿನ್ ತೆಳುವಾಗಿದ್ದಾಗ ಎಷ್ಟು ಪಾಲು ಅಂಟುತ್ತದೆ ಎನ್ನುವುದು ಬೇರೆಯಾಗಬಹುದು. ಹಾಗಾಗಿ ಹತ್ತು ಪಟ್ಟು, ನೂರು ಪಟ್ಟು ತೆಳು ಮಾಡಿಯೂ ನೋಡಿ. ಇನ್ನೊಂದು ದಾರಿಯೂ ಇದೆ. ಒಡೆದದ್ದನ್ನು ಅಳೆಯುವ ಜೊತೆಗೆ ಒಡೆಯದೆ ಉಳಿದ ಕಣಗಳನ್ನೂ ಎಣಿಸಿ. ಕೆಂಪು ಕಣದ ಅಗಲ 7ರಿಂದ 8 ಮೈಕ್ರಾನ್, ಅದು ನಿಮ್ಮ ರಂಧ್ರಗಳೊಳಗೆ ಹೋಗಲಾರದು. ಎಣಿಕೆ ಅಷ್ಟು ಸೂಕ್ಷ್ಮ ಅಲ್ಲ, ಆದರೆ ದೊಡ್ಡ ಸುಳ್ಳನ್ನು ಹಿಡಿಯುತ್ತದೆ.

ಒಣ ಬಿಲ್ಲೆಯನ್ನೇ ಹಾಕಿದೆ ಎಂದಿದ್ದೀರಿ. ನನಗೆ ಅದೇ ದೊಡ್ಡ ಚಿಂತೆ.

ಅಮೆರಿಕದ ವಿಜ್ಞಾನಿ ಸ್ಯಾಮ್ಯುಯೆಲ್ ಕಿಸ್ಲರ್ 1931ರಲ್ಲಿ ಏರೋಜೆಲ್ ಬಗ್ಗೆ ಮೊದಲು ವರದಿ ಮಾಡಿದಾಗ ಆತ ಗೆದ್ದಿದ್ದು ಒಂದು ಬಲದ ಮೇಲೆ. ಜೆಲ್ ಸುಮ್ನೆ ಒಣಗಿದರೆ ರಂಧ್ರದೊಳಗಿನ ದ್ರವ ಹಿಂದೆ ಸರಿಯುತ್ತಾ ಗೋಡೆಗಳನ್ನು ಒಳಕ್ಕೆ ಎಳೆಯುತ್ತದೆ, ಜೆಲ್ ಕುಗ್ಗಿ ಬಿರುಕು ಬಿಡುತ್ತದೆ. ಆತ ದ್ರವವನ್ನು ಸೂಪರ್‌ಕ್ರಿಟಿಕಲ್ ಸ್ಥಿತಿಗೆ (ದ್ರವ, ಅನಿಲ ಎಂಬ ಭೇದವೇ ಅಳಿಯುವ ಸ್ಥಿತಿ) ಕೊಂಡೊಯ್ದು ಆ ಎಳೆತವನ್ನೇ ಇಲ್ಲವಾಗಿಸಿದ. ಇವತ್ತು ನಾವು ಕಾರ್ಬನ್ ಡೈಆಕ್ಸೈಡ್‌ನಲ್ಲಿ, 31 ಡಿಗ್ರಿ ಮತ್ತು 74 ಬಾರ್ ದಾಟಿಸಿ ಅದನ್ನೇ ಮಾಡುತ್ತೇವೆ. ಆದರೆ ಒಣಗಿಸುವಾಗ ತಪ್ಪಿಸಿದ ಆ ಬಲ ನೆನೆಸುವಾಗ ಮತ್ತೆ ಬಂದು ನಿಲ್ಲುತ್ತದೆ. ನೀರನ್ನು ಎಳೆದುಕೊಳ್ಳುವ 20 ನ್ಯಾನೊಮೀಟರ್ ಅಗಲದ ರಂಧ್ರದಲ್ಲಿ ನೀರಿನ ಎಳೆತ ಸುಮಾರು 14 ಮೆಗಾಪ್ಯಾಸ್ಕಲ್, ಅಂದರೆ ವಾತಾವರಣದ ಒತ್ತಡದ 140 ಪಟ್ಟು. ಬರಿಯ ಸಿಲಿಕಾ ಏರೋಜೆಲ್ ಮೇಲೆ ಒಂದು ಹನಿ ನೀರು ಬಿಟ್ಟು ಲೆನ್ಸ್ ಹಿಡಿದು ನೋಡಿ. ಹನಿ ಬಿದ್ದಲ್ಲಿ ಚಟ್ ಎಂದು ಬಿರುಕು ಹರಡಿ ಪುಡಿ ಏಳುತ್ತದೆ. ನಿಮ್ಮ ಪಾಲಿಯೂರಿಯಾ ಹೊದಿಕೆ ಇದನ್ನು ಬಹಳ ಮಟ್ಟಿಗೆ ತಡೆಯುತ್ತದೆ. ಪೂರ್ತಿ ತಡೆದಿದೆಯಾ ಎಂದು ನೋಡಿದ್ದೀರಾ?

ಒಣ ಬಿಲ್ಲೆ ರಕ್ತಕ್ಕೆ ಬಿದ್ದರೆ ಪ್ಲಾಸ್ಮಾವನ್ನು ಹೀರುತ್ತದೆ, ಕಣಗಳನ್ನು ಹೊರಗೆ ಬಿಡುತ್ತದೆ. 2 ಮಿಲಿಲೀಟರ್ ರಕ್ತದಿಂದ 0.3 ಮಿಲಿಲೀಟರ್ ಪ್ಲಾಸ್ಮಾ ಒಳಗೆ ಹೋಯಿತು ಎನ್ನಿ. ಉಳಿದ ರಕ್ತದಲ್ಲಿ ಕಣಗಳ ಸಾಂದ್ರತೆ ಸುಮಾರು 18% ಏರುತ್ತದೆ. ಅದೇ ಹೊತ್ತಿಗೆ 15% ಪ್ಲೇಟ್‌ಲೆಟ್‌ಗಳು ಬಿಲ್ಲೆಗೆ ಅಂಟಿಕೊಂಡು ಹೋಗಿದ್ದರೂ ಯಂತ್ರದ ಎಣಿಕೆ ಮೊದಲಿನಷ್ಟೇ ತೋರಿಸುತ್ತದೆ! ಪ್ಲೇಟ್‌ಲೆಟ್ ಅಂಟಲೇ ಇಲ್ಲ ಎಂದು ನೀವು ಬರೆದುಬಿಡುತ್ತೀರಿ. ಇನ್ನು ನೀರು ಒಲ್ಲದ ಏರೋಜೆಲ್ ಆದರೆ ತೊಂದರೆ ಬೇರೆ. ಅದು ತೇಲುತ್ತದೆ, ರಂಧ್ರದ ತುಂಬಾ ಗಾಳಿ ಇರುತ್ತದೆ. ಗಾಳಿ ಮತ್ತು ರಕ್ತ ಮುಟ್ಟುವ ಗಡಿಯೇ ಕಾಂಪ್ಲಿಮೆಂಟ್ ವ್ಯವಸ್ಥೆಯನ್ನೂ (ಹೊರಗಿನದರ ಮೇಲೆ ದಾಳಿ ಮಾಡುವ ರಕ್ತದ ಪ್ರೋಟೀನ್‌ಗಳು) ಪ್ಲೇಟ್‌ಲೆಟ್‌ಗಳನ್ನೂ ಕೆರಳಿಸುತ್ತದೆ. ಆಗ ನೀವು ಪರೀಕ್ಷೆ ಮಾಡುತ್ತಿರುವುದು ವಸ್ತುವನ್ನಲ್ಲ, ಗಾಳಿಗುಳ್ಳೆಯನ್ನು.

ಆದ್ದರಿಂದ ಮೊದಲ ಕೆಲಸ, ನೆನೆಸುವುದನ್ನು ಕಲಿಯುವುದು. ಬಿಲ್ಲೆಯನ್ನು ನೇರ ನೀರಿಗೆ ಹಾಕಬೇಡಿ. ಎಥನಾಲ್ ಆವಿಯಲ್ಲಿ ಇಟ್ಟು, ಆಮೇಲೆ ಎಥನಾಲ್‌ನಲ್ಲಿ ಮುಳುಗಿಸಿ, ನಿಧಾನಕ್ಕೆ ನೀರಿನ ಪಾಲು ಹೆಚ್ಚಿಸುತ್ತಾ, ಕೊನೆಗೆ ಬಫರ್‌ಗೆ ಬನ್ನಿ. ನಡುವೆ ವ್ಯಾಕ್ಯೂಮ್ ಕೊಟ್ಟು ಗಾಳಿ ತೆಗೆಯಿರಿ. ತೂಕ ಏರುವುದು ನಿಲ್ಲುವವರೆಗೆ ತೂಗುತ್ತಾ ಹೋಗಿ. ಲೆಕ್ಕದ ಪ್ರಕಾರ ರಂಧ್ರಗಳು ಹಿಡಿಯಬೇಕಾದಷ್ಟು ದ್ರವ ಹಿಡಿದಿವೆಯಾ ನೋಡಿ. ಮುಂಚೆ ಮತ್ತು ಆಮೇಲೆ ಅಗಲ, ದಪ್ಪ ಅಳೆಯಿರಿ. ಕೊನೆಯ ತೊಳೆತದ ಬಫರ್‌ನಲ್ಲಿ ಎಥನಾಲ್ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಎಥನಾಲ್ ಸಾಕಷ್ಟು ಉಳಿದರೆ ಅದೇ ರಕ್ತಕಣ ಒಡೆಯುತ್ತದೆ, ಆಗ ಬೈಗುಳ ಬಿಲ್ಲೆಗೆ. ಇಷ್ಟಕ್ಕೆ ಒಂದು ವಾರ ಹಿಡಿಯಬಹುದು. ಹಿಡಿಯಲಿ. ಕವಾಟ ದೇಹದೊಳಗೆ ಇರುವುದು ಒದ್ದೆಯಾಗಿಯೇ ಅಲ್ವಾ? ಆ ಒದ್ದೆ ವಸ್ತುವನ್ನೇ ಪರೀಕ್ಷಿಸಬೇಕು.

ಇನ್ನು 92% ಜೀವಕೋಶಗಳ ವಿಷಯ. ಐಎಸ್‌ಒ 10993 ಅಂದರೆ ವೈದ್ಯಕೀಯ ಸಾಧನ ದೇಹಕ್ಕೆ ಒಗ್ಗುತ್ತದೆಯೇ ಎಂದು ನೋಡುವ ಅಂತರರಾಷ್ಟ್ರೀಯ ಮಾನದಂಡ. ಅದರ 5ನೇ ಭಾಗದ (10993-5) ಪ್ರಕಾರ ಬದುಕಿನ ಪ್ರಮಾಣ 30%ಗಿಂತ ಜಾಸ್ತಿ ಕುಸಿದರೆ ವಿಷ ಎಂದು ಲೆಕ್ಕ, ಆ ಮಟ್ಟಿಗೆ ನಿಮ್ಮದು ಪಾಸು. ಆದರೆ ಸಾರ, ಅಂದರೆ ಬಿಲ್ಲೆ ನೆನೆಸಿಟ್ಟು ಆಮೇಲೆ ಜೀವಕೋಶಗಳಿಗೆ ಹಾಕುವ ದ್ರವ, ತೆಗೆದದ್ದು ಹೇಗೆ? ಗುಳ್ಳೆಗುಳ್ಳೆಯಾದ, ಆಕಾರ ಸರಿಯಿಲ್ಲದ ವಸ್ತುಗಳಿಗೆ ಮಿಲಿಲೀಟರ್‌ಗೆ 0.2 ಗ್ರಾಂ ಅಥವಾ 0.1 ಗ್ರಾಂ ಹಾಕಿ ಎನ್ನುತ್ತಾರೆ. ನಿಮ್ಮ ಏರೋಜೆಲ್ ಒಂದು ಘನ ಸೆಂಟಿಮೀಟರ್‌ಗೆ 0.2 ಗ್ರಾಂ ತೂಗುವುದಾದರೆ, 0.2 ಗ್ರಾಂ ಬಿಲ್ಲೆ ಒಂದೇ ಸುಮಾರು 0.85 ಮಿಲಿಲೀಟರ್ ಹೀರಿಬಿಡುತ್ತದೆ. ಕೊಟ್ಟದ್ದು ಒಂದು ಮಿಲಿಲೀಟರ್, ಹೊರಗೆ ಉಳಿಯುವುದು ನಾಲ್ಕು ಹನಿ. 10993-12ನೇ ಭಾಗ ಇದಕ್ಕೆ ದಾರಿ ಕೊಟ್ಟಿದೆ. ವಸ್ತು ಎಷ್ಟು ಹೀರುತ್ತದೆ ಎಂದು ಮೊದಲು ಅಳೆದು, ಅಷ್ಟು ದ್ರವವನ್ನು ಲೆಕ್ಕದ ಮೇಲೆ ಹೆಚ್ಚುವರಿಯಾಗಿ ಹಾಕಬೇಕು. ಎಷ್ಟೋ ಪ್ರಬಂಧಗಳಲ್ಲಿ ಈ ಒಂದು ಸಾಲು ಕಾಣುವುದಿಲ್ಲ. ನನಗೆ ಬೇಜಾರಾಗುವುದು ಅಲ್ಲೇ.

ಹಾಗೇ ಸಾರದಲ್ಲಿ ಏನಿದೆ ಎಂದೂ ನೋಡಿ. ಪಾಲಿಯೂರಿಯಾ ಮಾಡಲು ಐಸೊಸೈನೇಟ್ ಬಳಸಿದ್ದೀರಿ. ಪ್ರತಿಕ್ರಿಯೆಗೆ ಸಿಗದೆ ಉಳಿದದ್ದು ನೀರು ಮುಟ್ಟಿದರೆ ಅಮೈನ್ ಆಗುತ್ತದೆ. ಬೆಂಜೀನ್ ಉಂಗುರವಿರುವ ಐಸೊಸೈನೇಟ್ ಬಳಸಿದ್ದರೆ ಹುಟ್ಟುವ ಅಮೈನ್ ಕ್ಯಾನ್ಸರ್ ತರಬಲ್ಲದು ಎಂಬ ಶಂಕೆ ಇರುವ ಗುಂಪಿಗೆ ಸೇರುತ್ತದೆ. ಇದು 10993-18ರ ರಾಸಾಯನಿಕ ವಿಶ್ಲೇಷಣೆಯ ಕೆಲಸ. ರಕ್ತದ ಪರೀಕ್ಷೆಗೆ ಮೊದಲೇ ಮುಗಿಸಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ರಕ್ತ ಮುಟ್ಟುವ ಇಂಪ್ಲಾಂಟ್‌ಗೆ ಹಿಮೋಲಿಸಿಸ್ ಬಾಗಿಲು ಮಾತ್ರ, ಮನೆ ಒಳಗಿದೆ. ಕವಾಟದಲ್ಲಿ ರೋಗಿಯನ್ನು ಕಾಡುವುದು ಹೆಪ್ಪು. ಅಲ್ಲಿ ಒಂದು ಚೂರು ಹೆಪ್ಪು ಕಳಚಿದರೆ ಮಿದುಳಿಗೆ ಹೋಗಬಹುದು. ಐಎಸ್‌ಒ 10993-4 ಅದಕ್ಕೇ ಹಿಮೋಲಿಸಿಸ್ ಜೊತೆ ಹೆಪ್ಪುಗಟ್ಟುವಿಕೆ, ಪ್ಲೇಟ್‌ಲೆಟ್, ಕಾಂಪ್ಲಿಮೆಂಟ್, ರಕ್ತಕಣಗಳ ಎಣಿಕೆ ಎಲ್ಲವನ್ನೂ ಕೇಳುತ್ತದೆ.

ಮತ್ತು ನಿಮ್ಮ ವಸ್ತುವಿನ ಒಡಲಲ್ಲಿ ಸಿಲಿಕಾ ಇದೆ. ರೋಗಿಯ ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ನೋಡಲು ಪ್ರಯೋಗಾಲಯಗಳಲ್ಲಿ ಎಪಿಟಿಟಿ ಎಂಬ ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಹೆಪ್ಪು ಶುರು ಮಾಡಿಸಲು ಹಾಕುವ ಪುಡಿಗಳಲ್ಲಿ ನುಣ್ಣನೆಯ ಸಿಲಿಕಾವೂ ಒಂದು, ಕೆಯೊಲಿನ್ ಇನ್ನೊಂದು. ಋಣ ವಿದ್ಯುದಂಶ ಇರುವ ಮೈ ಸಿಕ್ಕರೆ ಪ್ಲಾಸ್ಮಾದ 12ನೇ ಅಂಶ (ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳಲ್ಲಿ ಒಂದು) ಅಲ್ಲಿ ಕೂತು ಚುರುಕಾಗುತ್ತದೆ, ಅಲ್ಲಿಂದ ಸರಪಳಿ ಓಡುತ್ತದೆ. ಗಾಜಿನ ಟ್ಯೂಬ್‌ನಲ್ಲಿ ರಕ್ತ ಬೇಗ ಗಟ್ಟಿಯಾಗುವುದೂ ಇದಕ್ಕೇ. ಅಂದರೆ ನಿಮ್ಮ ಪಾಲಿಯೂರಿಯಾ ಹೊದಿಕೆ ಎಲ್ಲಾದರೂ ತೆಳುವಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಹೆಪ್ಪು ಹುಟ್ಟಿಸುವ ಪುಡಿಯೇ ರಕ್ತದ ಎದುರು ತೆರೆದುಕೊಳ್ಳುತ್ತದೆ. ಎಕ್ಸ್‌ಪಿಎಸ್‌ನಲ್ಲಿ (ಎಕ್ಸ್-ಕಿರಣ ಬಿಟ್ಟು ಮೇಲ್ಪದರದಲ್ಲಿ ಯಾವ ಮೂಲವಸ್ತು ಇದೆ ಎಂದು ತಿಳಿಯುವ ವಿಧಾನ) ಮೇಲ್ಮೈ ನೋಡಿ, ಸಿಲಿಕಾನ್ ಗೆರೆ ಎಷ್ಟು ಎತ್ತರ ಬರುತ್ತದೆ? ಹೊಸ ಬಿಲ್ಲೆಯಲ್ಲಿ ಒಂದು ಸಲ, ನೆನೆಸಿ ಬಗ್ಗಿಸಿದ ಬಿಲ್ಲೆಯಲ್ಲಿ ಇನ್ನೊಂದು ಸಲ ನೋಡಿ.

ಇಲ್ಲೂ ಸ್ಪಂಜಿನ ಮೋಸ ಇದೆ, ಈ ಸಲ ಉಲ್ಟಾ. ಪ್ಲಾಸ್ಮಾದಲ್ಲಿ ಬಿಲ್ಲೆ ನೆನೆಸಿ ಎಪಿಟಿಟಿ ಮಾಡಿದರೆ ಸಮಯ ಉದ್ದವಾಗಬಹುದು. ನೋಡಿದವರು ಇದು ಹೆಪ್ಪು ತಡೆಯುವ ವಸ್ತು ಎಂದು ಸಂಭ್ರಮಿಸುತ್ತಾರೆ. ನಿಜವಾಗಿ ಆಗಿರುವುದು ಹೆಪ್ಪಿಗೆ ಬೇಕಾದ ಪ್ರೋಟೀನ್‌ಗಳು ರಂಧ್ರದೊಳಗೆ ಕಳೆದುಹೋಗಿರುವುದು. ದೇಹದಲ್ಲಿ ಐದು ಲೀಟರ್ ರಕ್ತ ಹರಿಯುತ್ತಿರುವಾಗ ಈ ಕಳವು ಲೆಕ್ಕಕ್ಕೇ ಬರುವುದಿಲ್ಲ, ಆದರೆ ಚುರುಕಾದ ಮೈ ಹಾಗೇ ಇರುತ್ತದೆ. ಪತ್ತೆ ಹಚ್ಚುವುದು ಸುಲಭ. ಆ ಪ್ಲಾಸ್ಮಾಕ್ಕೆ ಸಮ ಪ್ರಮಾಣದ ಹೊಸ ಪ್ಲಾಸ್ಮಾ ಬೆರೆಸಿ ಮತ್ತೆ ಪರೀಕ್ಷೆ ಮಾಡಿ. ಸಮಯ ಮಾಮೂಲಿಗೆ ಬಂದರೆ ಪ್ರೋಟೀನ್ ಕಳೆದುಹೋಗಿತ್ತು ಎಂದರ್ಥ.

ಕಾಂಪ್ಲಿಮೆಂಟ್‌ಗೆ, ಅದು ಕೆರಳಿದಾಗ ಹುಟ್ಟುವ ಸಿ3ಎ ಮತ್ತು ಎಸ್‌ಸಿ5ಬಿ-9 ಎರಡನ್ನೂ ಅಳೆಯಿರಿ. ಸಿ3ಎ ಪುಟ್ಟ ಅಣು, ಧನ ವಿದ್ಯುದಂಶದ್ದು. ಋಣದ ಮೈಗೆ ಗಟ್ಟಿಯಾಗಿ ಅಂಟುತ್ತದೆ. ಅದೊಂದನ್ನೇ ನಂಬಿದರೆ ಮತ್ತೆ ಸೊನ್ನೆಯೇ ಕಾಣಬಹುದು. ನಿಸರ್ಗದಿಂದ ಬಂದದ್ದು ಸೇಫ್ ಎಂದು ಸೆಲ್ಯುಲೋಸ್ ಏರೋಜೆಲ್ ಹಿಡಿದು ಬರುವವರಿಗೂ ಇಲ್ಲಿ ಒಂದು ಮಾತು. ಹಳೆಯ ಡಯಾಲಿಸಿಸ್ ಪೊರೆಗಳು ಸೆಲ್ಯುಲೋಸ್‌ನವೇ. ಅವುಗಳ ಹೈಡ್ರಾಕ್ಸಿಲ್ ಗುಂಪುಗಳಿಂದ ಕಾಂಪ್ಲಿಮೆಂಟ್ ಕೆರಳಿ, ಡಯಾಲಿಸಿಸ್ ಶುರುವಾದ ಮೊದಲ ಅರ್ಧ ಗಂಟೆಯೊಳಗೇ ರೋಗಿಗಳ ಬಿಳಿ ರಕ್ತಕಣಗಳ ಎಣಿಕೆ ಕುಸಿಯುತ್ತಿತ್ತು. ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದಿಂದ ಬರುವ ವಿಷ) ಪರೀಕ್ಷೆಯಲ್ಲೂ ಸೆಲ್ಯುಲೋಸ್‌ನ ಬೀಟಾ ಗ್ಲುಕಾನ್ ಸುಳ್ಳು ಪಾಸಿಟಿವ್ ಕೊಡಬಲ್ಲದು. ನಿಮ್ಮ ಸಿಲಿಕಾಕ್ಕೆ ಆ ತೊಂದರೆ ಇಲ್ಲ, ಆದರೆ ರಂಧ್ರದೊಳಗೆ ಎಂಡೋಟಾಕ್ಸಿನ್ ಅಂಟಿ ಕೂತರೆ ಪರೀಕ್ಷೆಗೆ ಸಿಗದೇ ಹೋಗಬಹುದು. ಗೊತ್ತಿರುವಷ್ಟು ಎಂಡೋಟಾಕ್ಸಿನ್ ಹಾಕಿ ಎಷ್ಟು ವಾಪಸ್ ಬಂತು ಎಂದು ಇಲ್ಲೂ ನೋಡಬೇಕು. ಇದು ಚಿಕ್ಕ ವಿಷಯ ಅಲ್ಲ. ಎಂಡೋಟಾಕ್ಸಿನ್ ಇದ್ದರೆ ಬಿಳಿ ಕಣಗಳು ಕೆರಳಿ ತಾವೇ ಹೆಪ್ಪು ಶುರು ಮಾಡಿಸುತ್ತವೆ.

ರಕ್ತದ ಬಗ್ಗೆಯೂ ಹೇಳಲೇಬೇಕು. ಹೆಪ್ಪು, ಪ್ಲೇಟ್‌ಲೆಟ್, ಕಾಂಪ್ಲಿಮೆಂಟ್ ಪರೀಕ್ಷೆಗೆ ಆಗಷ್ಟೇ ತೆಗೆದ ಮನುಷ್ಯರ ರಕ್ತ ಬೇಕು, ನಾಲ್ಕು ಗಂಟೆಯೊಳಗೆ ಬಳಸಿ ಮುಗಿಸಬೇಕು. ಎಪಿಟಿಟಿ ಬಿಟ್ಟರೆ ಉಳಿದವಕ್ಕೆ ಸಿಟ್ರೇಟ್ ಹಾಕಿದ ರಕ್ತ ಆಗದು. ಸಿಟ್ರೇಟ್ ಕ್ಯಾಲ್ಸಿಯಂ ಕಟ್ಟಿಹಾಕುತ್ತದೆ, ಕ್ಯಾಲ್ಸಿಯಂ ಇಲ್ಲದೆ ಹೆಪ್ಪೂ ಓಡದು, ಕಾಂಪ್ಲಿಮೆಂಟ್ ಕೂಡ ಸರಿಯಾಗಿ ಓಡದು. ಹೆಪ್ಪು ತಡೆಯಲು ಹೆಪಾರಿನ್ ಎಂಬ ಔಷಧ ಹಾಕಿ, ಆದರೆ ಮಿಲಿಲೀಟರ್‌ಗೆ ಒಂದು ಯೂನಿಟ್ ಆಸುಪಾಸು ಸಾಕು. ಜಾಸ್ತಿ ಹಾಕಿದರೆ ಎಲ್ಲ ವಸ್ತುವೂ ಒಳ್ಳೆಯದಾಗಿ ಕಾಣುತ್ತದೆ. ಹಿಂದಿನ ಎರಡು ವಾರದಲ್ಲಿ ಆಸ್ಪಿರಿನ್ ತೆಗೆದುಕೊಂಡವರು ಬೇಡ. ಬೇರೆ ಬೇರೆ ಜನರ ರಕ್ತ ಬೆರೆಸಬೇಡಿ. ಒಬ್ಬೊಬ್ಬರದ್ದೂ ಬೇರೆಯಾಗಿ ಮಾಡಿ, ಐದು ಜನರದ್ದಾದರೂ ಇರಲಿ. ಜನರಿಂದ ಜನರಿಗೆ ಫಲಿತಾಂಶ ಎಷ್ಟು ಬದಲಾಗುತ್ತದೆ ಎನ್ನುವುದೂ ಮಾಹಿತಿಯೇ.

ನಿಂತ ರಕ್ತದಲ್ಲಿ ನೋಡಿದ್ದು ಸಾಲದು, ಹರಿಯುವ ರಕ್ತದಲ್ಲೂ ನೋಡಬೇಕು. 1958ರಲ್ಲಿ ಚಾಂಡ್ಲರ್ ಎಂಬ ಸಂಶೋಧಕ ತೋರಿಸಿಕೊಟ್ಟ ಲೂಪ್ ಇನ್ನೂ ಕೆಲಸಕ್ಕೆ ಬರುತ್ತದೆ. ಪ್ಲಾಸ್ಟಿಕ್ ಕೊಳವೆಯನ್ನು ಉಂಗುರ ಮಾಡಿ, ಮುಕ್ಕಾಲು ಭಾಗ ರಕ್ತ ತುಂಬಿ, ಬೆಚ್ಚಗಿನ ನೀರಿನಲ್ಲಿ ತಿರುಗಿಸುವುದು. ಉಳಿದ ಕಾಲು ಭಾಗ ಗಾಳಿ. ಆ ಗಾಳಿಯೇ ಸ್ವಲ್ಪ ಕೆರಳಿಸುತ್ತದೆ, ಹಾಗಾಗಿ ಬಿಲ್ಲೆ ಇಲ್ಲದೆ ರಕ್ತ ಮಾತ್ರ ಇರುವ ಲೂಪ್ ಒಂದು ಪಕ್ಕದಲ್ಲಿ ತಿರುಗುತ್ತಲೇ ಇರಬೇಕು. ಹೋಲಿಕೆಗೆ ಆಗಲೇ ರೋಗಿಗಳಲ್ಲಿ ಬಳಕೆಯಲ್ಲಿರುವ ಪಿಟಿಎಫ್‌ಇ, ಅಂದರೆ ಟೆಫ್ಲಾನ್‌ನಂಥ ವಸ್ತು ಇಡಿ. ಜೊತೆಗೆ ನನ್ನದೊಂದು ಸಲಹೆ. ನಿಮ್ಮದೇ ಜೆಲ್ ಅನ್ನು ಒಣಗಿಸದೆ, ಒದ್ದೆಯಾಗಿಯೇ ತೊಳೆದು ಬಫರ್‌ಗೆ ತಂದು ಒಂದು ಮಾದರಿ ಇಟ್ಟುಕೊಳ್ಳಿ. ಅದೇ ರಸಾಯನ, ಹೆಚ್ಚುಕಡಿಮೆ ಅದೇ ರಂಧ್ರ, ಒಳಗೆ ಗಾಳಿ ಯಾವತ್ತೂ ಹೋಗಿಲ್ಲ. ಇದೂ ನಿಮ್ಮ ಏರೋಜೆಲ್ಲೂ ಬೇರೆ ಬೇರೆ ಉತ್ತರ ಕೊಟ್ಟರೆ, ನೆನೆಸುವ ಹಂತದಲ್ಲಿ ಏನೋ ತಪ್ಪಿದೆ ಎಂದು ತಕ್ಷಣ ಗೊತ್ತಾಗುತ್ತದೆ.

ಕವಾಟ ಎಂದಿದ್ದೀರಿ, ಅಂದರೆ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಗ್ಗಬೇಕು. ಬಗ್ಗುವ ಎಸಳಿನ ಕವಾಟಗಳನ್ನು ಯಂತ್ರದಲ್ಲಿ 20 ಕೋಟಿ ಸಲ ತೆರೆದು ಮುಚ್ಚಿ ನೋಡುವುದು ವಾಡಿಕೆ, ಸುಮಾರು ಐದು ವರ್ಷದ ಬಾಳಿಕೆಗೆ ಸಮ. ಅಷ್ಟು ದೂರ ನೀವು ಈಗಲೇ ಹೋಗಬೇಕಿಲ್ಲ. ಕೆಲವು ಲಕ್ಷ ಸಲ ಬಫರ್‌ನಲ್ಲಿ ಬಗ್ಗಿಸಿ, ಆ ಬಫರ್‌ನಲ್ಲಿ ಎಷ್ಟು ಕಣ ಉದುರಿವೆ ಎಂದು ಎಣಿಸಿ. 10 ಮೈಕ್ರಾನ್‌ಗಿಂತ ದೊಡ್ಡವು ಎಷ್ಟು, 25ಕ್ಕಿಂತ ದೊಡ್ಡವು ಎಷ್ಟು ಎಂದು ಬೇರೆ ಬೇರೆ ಬರೆಯಿರಿ. ದೇಹದ ಅತಿ ಸಣ್ಣ ರಕ್ತನಾಳದ ಅಗಲ 5ರಿಂದ 10 ಮೈಕ್ರಾನ್ ಅಷ್ಟೇ. ಬಗ್ಗಿ ದಣಿದ ಆ ಬಿಲ್ಲೆಯ ಮೇಲೇ ರಕ್ತದ ಪರೀಕ್ಷೆ ಮತ್ತೆ ಮಾಡಿ. ಹೊಸ ಬಿಲ್ಲೆಯ ಫಲಿತಾಂಶಕ್ಕಿಂತ ಅದರ ಫಲಿತಾಂಶಕ್ಕೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಸ್ಟೆರಿಲೈಸ್ ಮಾಡಿದ ಮೇಲೇ ಇವೆಲ್ಲ ಮಾಡಬೇಕು ಎನ್ನುವುದನ್ನು ಮರೆಯಬೇಡಿ. ಹಬೆಗೆ ಒಣ ಏರೋಜೆಲ್ ಕುಸಿಯಬಹುದು. ಸ್ಟೆರಿಲೈಸ್ ಮಾಡಲು ಬಳಸುವ ಎಥಿಲೀನ್ ಆಕ್ಸೈಡ್ ಅನಿಲ ರಂಧ್ರಗಳಲ್ಲಿ ಉಳಿದು ದಿನಗಟ್ಟಲೆ ಹೊರಬರಬಹುದು. ಶಾಶ್ವತ ಇಂಪ್ಲಾಂಟ್‌ನಿಂದ ಮೊದಲ 24 ಗಂಟೆಯಲ್ಲಿ 4 ಮಿಲಿಗ್ರಾಂಗಿಂತ ಜಾಸ್ತಿ ಬರಬಾರದು ಎಂದು 10993-7ನೇ ಭಾಗ ಮಿತಿ ಹಾಕಿದೆ. ಕುರಿಯಲ್ಲಿ ಕವಾಟ ಕೂರಿಸಿ ನೋಡುವುದು ಇವೆಲ್ಲ ಆದ ಮೇಲಿನ ಮಾತು. ಟ್ಯೂಬ್‌ನಲ್ಲಿ ತಿಳಿಯಬಹುದಾದದ್ದನ್ನು ತಿಳಿಯದೆ ಒಂದು ಪ್ರಾಣಿಯ ಮೇಲೆ ಪ್ರಯೋಗ ಮಾಡುವುದು ಸರಿಯಲ್ಲ.

ಕೊನೆಗೆ ಪ್ರಬಂಧದಲ್ಲಿ ಏನು ಬರೆಯಬೇಕು ಎಂಬ ನಿಮ್ಮ ಮೊದಲ ಪ್ರಶ್ನೆ. "ರಕ್ತಕ್ಕೆ ಒಗ್ಗುವ ವಸ್ತು" ಎಂಬ ಪದವನ್ನು ಈ ಹಂತದಲ್ಲಿ ಕೈಬಿಡಿ. ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಒಪ್ಪಿಗೆ ಕೊಡುವುದು ತಯಾರಾದ ಸಾಧನಕ್ಕೆ, ವಸ್ತುವಿಗಲ್ಲ. ಬಿಲ್ಲೆಯನ್ನು ಹೇಗೆ ನೆನೆಸಿದಿರಿ, ಎಷ್ಟು ದ್ರವ ಹೀರಿತು, ಹಾಕಿದ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ವಾಪಸ್ ಸಿಕ್ಕಿತು, ಅದನ್ನು ಸರಿಪಡಿಸಿದ ಮೇಲೆ ಹಿಮೋಲಿಸಿಸ್ ಎಷ್ಟು, ಇಷ್ಟನ್ನು ಬರೆಯಿರಿ. ಜೊತೆಗೆ ಪರೀಕ್ಷೆ ಮುಗಿದ ಬಿಲ್ಲೆಯನ್ನು ಅಡ್ಡಕ್ಕೆ ಕೊಯ್ದು ತೆಗೆದ ಒಂದು ಫೋಟೋ ಹಾಕಿ. ಒಳಗೆ ಅಂಚಿನವರೆಗೂ ಬಿಳಿಯಾಗಿದ್ದರೆ ನಿಮ್ಮ 0.6% ಅನ್ನು ಓದುಗರು ಎರಡನೇ ಸಲ ಪ್ರಶ್ನಿಸುವುದಿಲ್ಲ.